ಬಣ್ಣದ ಕೆಳಗಿನ ಕೆನ್ನೆ

ಹೊಸನಗರದ ಶಾಲೆಯಲ್ಲಿ ನಾನು ಗಣಿತದ ಮಾಸ್ತರು. ಆದರೆ ಜನ ನನ್ನನ್ನು ಕರೆಯುತ್ತಿದ್ದದ್ದು ಬಣ್ಣದ ಮಾಸ್ತರು ಎಂದು. ನಮ್ಮದೊಂದು ಮಕ್ಕಳ ಯಕ್ಷಗಾನ ತಂಡವಿತ್ತು. ಸಾಗರ, ತೀರ್ಥಹಳ್ಳಿ ಎಂದು ಕರೆದಲ್ಲೆಲ್ಲ ಹೋಗಿ ಆಟ ಆಡುತ್ತಿದ್ದೆವು. ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ, ಮಕ್ಕಳ ಮುಖಕ್ಕೆ ಬಣ್ಣ ಹಚ್ಚುವ ಕೆಲಸ ನನ್ನದು. ಬಿಳಿ, ಹಳದಿ, ಕೆಂಪು ಪುಡಿಗಳನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಹಚ್ಚುವುದು, ಆಟ ಮುಗಿದ ಮೇಲೆ ಮತ್ತೆ ಕೊಬ್ಬರಿ ಎಣ್ಣೆಯಿಂದಲೇ ಒರೆಸುವುದು. ನನ್ನ ಕೈಯಲ್ಲಿ ಬಣ್ಣ ಕೂತಷ್ಟು ಸಮ ಬೇರೆಯವರ ಕೈಯಲ್ಲಿ ಕೂರುವುದಿಲ್ಲ ಎಂಬ ಜಂಬವೂ ಇತ್ತು. ಆ ಜಂಬದ ಕತೆಯೇ ಇದು.

ತಂಡದಲ್ಲಿ ನನ್ನ ಮಗಳೂ ಇದ್ದಳು. ಪುಂಡುವೇಷ ಅವಳದ್ದು. ಗಿರಕಿ ಹೊಡೆಯುವ, ಚುರುಕು ಕಾಲಿನ ಎಳೆಯ ವೀರನ ಪಾತ್ರ. ಒಂಬತ್ತನೇ ತರಗತಿಗೆ ಬಂದಾಗ ಅವಳ ಕೆನ್ನೆಯಲ್ಲಿ ಮೊಡವೆ ಎದ್ದವು. ಪ್ರಾಯಕ್ಕೆ ಬಂದ ಮಕ್ಕಳಿಗೆ ಬರುವುದೇ ಎಂದು ಸುಮ್ಮನಾದೆ. ಶಾಲೆಯಲ್ಲಿ ಯಾರೋ ಹಲಸಿನಕಾಯಿ ಎಂದು ಕರೆದರಂತೆ. ಅದಕ್ಕೂ ನಕ್ಕುಬಿಟ್ಟೆ.

ಚೌಕಿಯಲ್ಲಿ ಮಾತ್ರ ಆ ಮೊಡವೆಗಳು ನನಗೆ ಕಿರಿಕಿರಿ. ಉಬ್ಬಿದ ಕಡೆ ಬಣ್ಣ ಸಮ ಕೂರುವುದಿಲ್ಲ. ಹಾಗಾಗಿ ಬಣ್ಣ ಹಚ್ಚುವ ಮೊದಲು, ಮಾಗಿದ ಮೊಡವೆಗಳನ್ನು ಎರಡು ಬೆರಳಲ್ಲಿ ಹಿಸುಕಿ ಚಪ್ಪಟೆ ಮಾಡುತ್ತಿದ್ದೆ. ಅದರ ಮೇಲೆ ಬಣ್ಣ ಹಚ್ಚುತ್ತಿದ್ದೆ. ಆಟ ಮುಗಿದ ಮೇಲೆ ಎಣ್ಣೆಯನ್ನು ತೊಳೆಯಲು ಬಿಡದೆ, ತಂಪು, ಹಾಗೇ ಇರಲಿ ಎನ್ನುತ್ತಿದ್ದೆ. ಅರ್ಧ ಕಲಿತವನ ಅಬ್ಬರ ಹೆಚ್ಚು ಎನ್ನುತ್ತಾರಲ್ಲ, ಆ ಮಾತಿಗೆ ನನಗಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ನನ್ನ ಹೆಂಡತಿಗೆ ಮಾತ್ರ ಅನುಮಾನ ಬಂದಿತ್ತು. ಸಾಗರದ ಚರ್ಮದ ಡಾಕ್ಟರಿಗೆ ತೋರಿಸೋಣ ಎಂದು ಒಂದು ಶನಿವಾರ ಗೊತ್ತು ಮಾಡಿದಳು. ಅದೇ ಶನಿವಾರ ಸಂಜೆ ತೀರ್ಥಹಳ್ಳಿಯಲ್ಲಿ ನಮ್ಮ ಆಟವಿತ್ತು. ಡಾಕ್ಟರು ಎಲ್ಲಿಗೂ ಓಡಿ ಹೋಗುವುದಿಲ್ಲ, ಮುಂದಿನ ವಾರ ಹೋದರಾಯಿತು ಎಂದೆ. 

ಆ ಸಂಜೆ ಚೌಕಿಯಲ್ಲಿ ಮಗಳು ನನ್ನ ಎದುರು ಕೂತಳು. ಎಡಗೆನ್ನೆ ಕೆಂಪಗೆ ಬಾತುಕೊಂಡಿತ್ತು. ನಾನು ಎಂದಿನಂತೆ ಹಿಸುಕತೊಡಗಿದೆ. ಅವಳು ನನ್ನ ಮಣಿಕಟ್ಟು ಹಿಡಿದುಕೊಂಡಳು.

"ಅಪ್ಪಯ್ಯ, ತುಂಬ ಉರೀತದೆ. ಇವತ್ತು ಬೇಡ."

"ಬಣ್ಣ ಹಚ್ಚಿದ ಮೇಲೆ ಯಾರಿಗೂ ಕಾಣೋದಿಲ್ಲ, ಸುಮ್ನೆ ಕೂತ್ಕೊ" ಎಂದೆ.

ಅವಳು ಕೈ ಬಿಟ್ಟು ಕಣ್ಣು ಮುಚ್ಚಿದಳು. ಕಣ್ಣೀರು ಇಳಿದು ಬಣ್ಣ ಕದಡಿತೆಂದು ನಾನು ಗದರಿದ್ದೂ ನೆನಪಿದೆ. ಆಟಕ್ಕೆ ಚಪ್ಪಾಳೆ ಬಿತ್ತು. ಮುಖದ ಬಣ್ಣ ಎಷ್ಟು ಚೆನ್ನಾಗಿತ್ತು ಎಂದು ಒಬ್ಬರು ನನ್ನ ಕೈ ಕುಲುಕಿದರು.

ಎರಡು ದಿನಕ್ಕೆ ಆ ಕೆನ್ನೆಯಲ್ಲಿ ಗಂಟುಗಂಟಾಗಿ ಕೀವು ತುಂಬಿತು. ಸಾಗರದ ಡಾಕ್ಟರಮ್ಮ ಮುಖವನ್ನು ಬೆಳಕಿಗೆ ಹಿಡಿದು ನೋಡಿ, ಯಾರು ಹಿಸುಕಿದ್ದು ಎಂದು ಕೇಳಿದರು. ಮಗಳು ನನ್ನ ಕಡೆ ನೋಡಲಿಲ್ಲ, ತಾನೇ ಎಂದಳು. ಡಾಕ್ಟರಮ್ಮ ಅವಳಿಗೇ ಬೈದರು. ನಾನು ಪಕ್ಕದ ಕುರ್ಚಿಯಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದೆ.

ಎಣ್ಣೆ ಬೇಡ, ಬಣ್ಣ ಬೇಡ, ಕೈ ಮುಟ್ಟಿಸುವುದೇ ಬೇಡ. ಮಲಗುವಾಗ ತೆಳ್ಳಗೆ ಒಂದು ಮುಲಾಮು, ಹಗಲು ಬಿಸಿಲಿಗೆ ಹೋಗುವ ಮೊದಲು ಇನ್ನೊಂದು, ಕೆಲವು ತಿಂಗಳು ಮಾತ್ರೆ. ಕಪ್ಪು ಕಲೆಗಳು ನಿಧಾನಕ್ಕೆ ತಿಳಿಯಾಗುತ್ತವೆ, ಗುಳಿ ಬಿದ್ದದ್ದು ಪೂರ್ತಿ ಹೋಗುವುದಿಲ್ಲ ಎಂದರು. ಮಗಳು ಒಂದು ದಿನವೂ ತಪ್ಪಿಸದೆ ಎಲ್ಲ ಮಾಡಿದಳು. ಕಲೆಗಳು ಮೊದಲು ಕಪ್ಪು, ಆಮೇಲೆ ಕಂದು, ವರ್ಷ ಕಳೆದ ಮೇಲೆ ಹತ್ತಿರ ಹೋದರಷ್ಟೇ ಕಾಣುವಂತಾದವು. ಬಣ್ಣ ಹಚ್ಚಬಹುದು ಎಂದು ಡಾಕ್ಟರಮ್ಮ ಆಮೇಲೆ ಒಪ್ಪಿದರೂ ಅವಳು ಗೆಜ್ಜೆ ಮುಟ್ಟಲಿಲ್ಲ. ಯಾಕೆಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದು ಮಕ್ಕಳಿಗೆ ಕಾಪಿ ಬರೆಸುವ ನಾನು ಚಿಂತಿಸುವುದನ್ನು ಈವರೆಗೂ ಬಿಟ್ಟಿಲ್ಲ.

ಈಗ ಅವಳ ಓದು ಮುಗಿದಿದೆ. ಕಳೆದ ತಿಂಗಳು ಕೆಲಸದ ಅರ್ಜಿಗೆ ಫೋಟೊ ಬೇಕೆಂದು ಇಬ್ಬರೂ ಸಾಗರದ ಸ್ಟುಡಿಯೋಗೆ ಹೋಗಿದ್ದೆವು. ಫೋಟೊದವನು ಕಂಪ್ಯೂಟರಿನಲ್ಲಿ ಅವಳ ಮುಖ ದೊಡ್ಡದು ಮಾಡಿ, ಎಡಗೆನ್ನೆಯ ಗುಳಿಗಳನ್ನು ಅಳಿಸಲೇ ಎಂದು ಕೇಳಿದ. ಇರಲಿ ಬಿಡಿ ಎಂದಳು. ಅವಳಿಗೆ ಸಮಾಧಾನ ಆಗಲೆಂದು ನಾನು ಬಾಯಿ ಹಾಕಿದೆ.

"ಈಗ ಯಾರಿಗೂ ಕಾಣೋದಿಲ್ಲ ಕಣೆ."

ಅವಳು ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು, "ಅವತ್ತೂ ನೀನು ಇದನ್ನೇ ಹೇಳಿದ್ದೆ ಅಪ್ಪಯ್ಯ. ನಾನು ಹೇಳಿದ್ದು ಉರೀತದೆ ಅಂತ."

ಫೋಟೊದವನು ಪ್ರಿಂಟ್ ತರಲು ಒಳಗೆ ಹೋದ. ನಾವಿಬ್ಬರೂ ಬೆಂಚಿನ ಮೇಲೆ ಕೂತೆವು. ಇಷ್ಟು ವರ್ಷದ ಮೇಲೆ, ಅವತ್ತು ತುಂಬ ಉರಿದಿತ್ತಾ ಎಂದು ಕೇಳಿದೆ.

ಹೂಂ ಎಂದಳು.