ಗಡಿಯಾರದ ಮಾಳಿಗೆಯ ಹೇಮಾವತಿ

ಆಂಧ್ರದ ಗಡಿಯ ಆದೋನಿ ಪೇಟೆಯಲ್ಲಿ ಯಾರನ್ನು ಕೇಳಿದರೂ ಗಡಿಯಾರದ ಮಾಳಿಗೆಗೆ ದಾರಿ ತೋರಿಸುತ್ತಾರೆ. ಅಲ್ಲಿಗೆ ಹೋಗಿ ಗಡಿಯಾರ ಹುಡುಕಿದಿರೋ, ನೀವು ಊರಿಗೆ ಹೊಸಬರೆಂದು ಗೊತ್ತಾಗಿಬಿಡುತ್ತದೆ. ಮುಂದಿನ ಗೋಡೆಯ ನೆತ್ತಿಯಲ್ಲಿ ಬಂಡಿ ಗಾಲಿಯಷ್ಟು ದೊಡ್ಡ ದುಂಡನೆಯ ಕಿಂಡಿಯಿದೆ, ಅಷ್ಟೇ.

ಅದನ್ನು ಕಟ್ಟಿಸಿದವರು ಹತ್ತಿ ವ್ಯಾಪಾರಿ ಮರಿಬಸಪ್ಪನವರು. ಊರೆಲ್ಲ ಗಾದಿಯ ಮೇಲೆ ಕೂತು ವ್ಯವಹಾರ ಮಾಡುತ್ತಿದ್ದ ಕಾಲದಲ್ಲಿ ಮೇಜು ಕುರ್ಚಿಯ ಕೋಣೆಗಳನ್ನು ಸಾಲಾಗಿ ಕಟ್ಟಿಸಿ ದಲಾಲರಿಗೆ ಬಾಡಿಗೆಗೆ ಕೊಟ್ಟರು. ಗಾರೆ ಬಂತು, ತೇಗದ ತೊಲೆ ಬಂತು, ಮೊಳ ದಪ್ಪದ ಕಲ್ಲು ಗೋಡೆ ಎದ್ದಿತು. ಗಡಿಯಾರ ಮಾತ್ರ ಬರಲಿಲ್ಲ. ಮುದುಕ ಕೈ ಬಿಗಿಹಿಡಿದ ಎಂದು ಜನ ಆಡಿಕೊಂಡರು, ಹೆಸರು ಹಾಗೇ ನಿಂತಿತು.

ಹೇಮಾವತಿ ಮದುವೆಗೆ ಮುಂಚೆಯೇ ದಲಾಲರಿಗೆ ಟೈಪ್ ಮಾಡಿಕೊಡಲು ಅಲ್ಲಿಗೆ ಬಂದವಳು. ಕೋಣೆ ಹಿಡಿಯುವ ತಾಕತ್ತಿರಲಿಲ್ಲ. ಮೆಟ್ಟಿಲು ತಿರುಗುವಲ್ಲಿ, ಆ ಕಿಂಡಿಯ ಕೆಳಗೇ ಮೇಜು ಹಾಕಿಕೊಂಡಳು. ಟೈಪ್ ಮಿಷನ್ ಹೋಗಿ ಕಂಪ್ಯೂಟರ್ ಬಂದರೂ ಮೇಜು ಕದಲಲಿಲ್ಲ. ದಲಾಲರ ಕಾಗದವೆಲ್ಲ ತೆಲುಗಿನಲ್ಲಿ, ಹರಟೆಯೆಲ್ಲ ಕನ್ನಡದಲ್ಲಿ. ಆ ಜಾಗವೆಂದರೆ ಅವಳಿಗೆ ತವರಿನಷ್ಟೇ ಪ್ರೀತಿ. ಕೊರಗು ಒಂದೇ: ಹೊಸಬರು "ಗಡಿಯಾರ ಎಲ್ಲಮ್ಮಾ?" ಎಂದು ನಕ್ಕರೆ ತನ್ನ ಮೂಗನ್ನೇ ಕೊಯ್ದಂತಾಗುತ್ತಿತ್ತು.

ಅದಕ್ಕೇ ಮರಿಬಸಪ್ಪನವರ ಮೊಮ್ಮಗ ಸೋಮೇಶನ ಬೆನ್ನು ಬಿದ್ದಳು. "ತಾತ ಬಿಟ್ಟಿದ್ದನ್ನ ನೀವರ ಮಾಡ್ರಿ, ಸೋಮೇಶಣ್ಣ." ವರ್ಷಗಟ್ಟಲೆ ಇದೇ ರಾಗ ಕೇಳಿ ಸಾಕಾಗಿ ಅವನು ಈ ಬೇಸಿಗೆ ಗಡಿಯಾರ ತರಿಸಿದ, ಕಿಂಡಿಗೆ ಕೂರಿಸಿ ಸುತ್ತ ಸಿಮೆಂಟು ಮೆತ್ತಿಸಿದ. ಹೇಮಾವತಿ ಬೀದಿಗೆಲ್ಲ ಪೇಢಾ ಹಂಚಿದಳು.

ಸಂಜೆಯೊಳಗೆ ಅವಳ ಸೆರಗು ಬೆವರಿಗೆ ತೊಯ್ದಿತು. ಅಲ್ಲಿಯವರೆಗೆ ಯಾವ ಬೇಸಿಗೆಯಲ್ಲೂ ಅವಳು ಫ್ಯಾನ್ ಬೇಡಿದವಳಲ್ಲ. ಕೆಳಬಾಗಿಲಿನಿಂದ ಬಂದ ಗಾಳಿ ಮೆಟ್ಟಿಲೇರಿ, ಅವಳನ್ನು ಸವರಿಕೊಂಡು ಆ ಕಿಂಡಿಯಿಂದ ಹೊರಬೀಳುತ್ತಿತ್ತು. ಮುದುಕ ಕಿಂಡಿ ಬಿಟ್ಟದ್ದು ಗಡಿಯಾರಕ್ಕಲ್ಲ, ಗಾಳಿಗೆ! ಅವಳಿಗೆ ನಗುವೂ ಬಂತು, ಅಳುವೂ ಬಂತು.

"ಕೆಳಗ ಗೋದಾಮಿನ ಮಗ್ಗಲ ಜಾಗ ಐತಲ್ಲಕ್ಕಾ, ಅಲ್ಲಿ ಕುಂದ್ರಿ" ಎಂದ ಸೋಮೇಶ. ಆ ಮೇಜು ಬಿಟ್ಟು ಹತ್ತಿ ಧೂಳಿನಲ್ಲಿ ಕೂರುವುದೆಂದರೆ ಅವಳ ಜೀವವೇ ಹೋದಂತೆ. ಕೆಲವು ದಿನ ಬೀಸಣಿಗೆ ಬೀಸಿಕೊಂಡು ಮಾನ ಕಾಪಾಡಿಕೊಂಡಳು. ಆಮೇಲೆ ಮಾನ ಬಿಟ್ಟು ಹೇಳಿಯೇಬಿಟ್ಟಳು: "ತಪ್ಪು ನಂದ ಐತ್ರಿ. ಗಡಿಯಾರ ಬ್ಯಾಡ, ನಿಮ್ಮ ತಾತನ ಗಾಳಿ ನನಗ ಕೊಟ್ಟುಬಿಡ್ರಿ."

ಸೋಮೇಶ ಹೊಟ್ಟೆ ಹಿಡಿದುಕೊಂಡು ನಕ್ಕ. "ಏನಕ್ಕಾ! ತಿಂದ ಪೇಢಾ ವಾಪಸ್ ಕೊಡಂಗಿಲ್ಲ ಮತ್ತ" ಎಂದು ಮರುದಿನವೇ ಗಡಿಯಾರ ಇಳಿಸಿ, ಅವಳ ಮೇಜಿನೆದುರಿನ ಗೋಡೆಗೆ ಹಾಕಿಸಿದ. ಗಾಳಿ ತನ್ನ ಹಳೇ ದಾರಿ ಹಿಡಿಯಿತು.

ಈಗ ಬೀದಿಗೆ ಹೊಸ ಹುಚ್ಚು. ಜೇಬಿನಲ್ಲಿ ಫೋನಿದ್ದರೂ ಹಮಾಲಿ ಆದೆಪ್ಪ ಕಿಂಡಿಯ ಕೆಳಗೆ ನಿಂತು ಕೂಗುತ್ತಾನೆ: "ಹೇಮಕ್ಕಾ, ಟೈಮೆಷ್ಟಾತು?"

ಹೇಮಾವತಿ ಎದುರಿನ ಗೋಡೆ ನೋಡಿ, ಕಿಂಡಿಯತ್ತ ಮುಖವೆತ್ತಿ ಕೂಗುತ್ತಾಳೆ: "ಒಂದಾತು, ಊಟಕ್ಕ ನಡಿಯೋ!"

ಗಡಿಯಾರದ ಮಾಳಿಗೆ ಕಡೆಗೂ ಗಂಟೆ ಹೊಡೆಯತೊಡಗಿದೆ.