ವೆಂಡೆಲ್ ಕ್ರೆಬ್ಸನ ಕಡುನೀಲಿ ವಿಮಾನ

ವರ್ನಾ ಸ್ಟಕಿ ವೆಂಡೆಲ್ ಕ್ರೆಬ್ಸನನ್ನು ಮೊದಲು ಕಂಡದ್ದು ತನ್ನದೇ ಸೋಯಾ ಹೊಲದ ನಡುವೆ. ಆಟದ ವಿಮಾನದ ಮುರಿದ ರೆಕ್ಕೆಯೊಂದನ್ನು ಕಂಕುಳಲ್ಲಿ ಅವುಚಿಕೊಂಡು ಗಿಡ ತುಳಿಯುತ್ತ ಬಂದವನು ಕ್ಷಮೆ ಕೇಳುತ್ತಾನೇನೋ ಎಂದು ಆಕೆ ಕಾದಳು. ಆತ ಟೋಪಿ ಸರಿಪಡಿಸಿಕೊಂಡು, "ಈ ಸಾಲುಗಳನ್ನ ಉತ್ತರ ದಕ್ಷಿಣ ಬಿತ್ತಬೇಕಿತ್ತು. ಇಲ್ಲಿ ಗಾಳಿ ಸುಳಿ ಹಾಕುತ್ತೆ, ಅದಕ್ಕೇ ವಿಮಾನ ಬಿತ್ತು," ಎಂದ.

"ಹೌದಾ. ಮುಂದಿನ ವರ್ಷ ನಿಮ್ಮ ವಿಮಾನಾನ ಕೇಳೇ ಬಿತ್ತುತೀನಿ ಬಿಡಿ," ಎಂದಳು ವರ್ನಾ.

ಅಮೆರಿಕದ ಇಂಡಿಯಾನಾದಲ್ಲಿ ಆಕೆಯ ಬೇಲಿಗೆ ಹೊಂದಿಕೊಂಡೇ ಆಟದ ವಿಮಾನದವರ ಕ್ಲಬ್ಬಿನ ಮೈದಾನ. ಬ್ಯಾಟರಿಯಿಂದ ಹಾರುವ ಥರ್ಮಾಕೋಲ್ ವಿಮಾನಗಳನ್ನು ತಲೆ ನರೆತ ಗಂಡಸರು ರಿಮೋಟ್ ಹಿಡಿದು ಲಾಗ ಹಾಕಿಸುತ್ತಿದ್ದರು. ವೆಂಡೆಲ್ ಜೀವಮಾನವೆಲ್ಲ ಶಾಲೆಗಳ ಬಾಯ್ಲರ್ ರಿಪೇರಿ ಮಾಡಿದವನು. ನಿವೃತ್ತನಾದ ಮೇಲೆ ಜಗತ್ತನ್ನೇ ರಿಪೇರಿಗೆ ಹಿಡಿದಿದ್ದ. ಡೋನಟ್ಟನ್ನು ಯಾವ ಕಡೆಯಿಂದ ಕಚ್ಚಬೇಕೆಂಬುದೂ ಅವನಿಗೆ ಗೊತ್ತಿತ್ತು. ಯಾರನ್ನೂ ಏನನ್ನೂ ಕೇಳಿದವನಲ್ಲ.

ಹಾರಿಸುವವನ ಪಕ್ಕ ಇನ್ನೊಬ್ಬರು ನಿಂತು ಆಕಾಶ ಕಾಯಬೇಕೆಂಬುದು ಕ್ಲಬ್ಬಿನ ನಿಯಮ. ವೆಂಡೆಲ್‌ನ ಪಕ್ಕ ನಿಲ್ಲುವಷ್ಟು ಗಟ್ಟಿ ಕಿವಿ ಯಾರಿಗೂ ಇರಲಿಲ್ಲ. ಬೆಳೆ ಹಾಳಾದದ್ದಕ್ಕೆ ದೂರು ತಂದ ವರ್ನಾಳನ್ನೇ ಅಧ್ಯಕ್ಷ ರಸ್ಟಿ ಹಿಡಿದು ನಿಲ್ಲಿಸಿದ: "ನೀವೇ ಕಾಯಿರಿ ಅಮ್ಮ, ಹೊಲಕ್ಕೆ ಬೀಳದ ಹಾಗೆ."

ಬೇಸಿಗೆಯಿಡೀ ಆಕೆ ವೆಂಡೆಲ್‌ನ ಪಾಠ ಕೇಳಿದಳು. "ವಿಮಾನ ನೆಟ್ಟಗಿದ್ರೆ ರಿಮೋಟಿನ ಕಡ್ಡಿ ಎಳೀಬೇಕು, ಮೇಲೇರುತ್ತೆ. ತಲೆಕೆಳಗಾದ್ರೆ ತಳ್ಳಬೇಕು. ಮರೆತು ಎಳೆದ್ರೆ ನೇರ ನೆಲಕ್ಕೆ." ಅವನ ವಿಮಾನದ ಬೆನ್ನೂ ಹೊಟ್ಟೆಯೂ ಒಂದೇ ಕಡುನೀಲಿ. ಬೇರೆಯವರು ಗುರುತಿಗೆಂದು ಹೊಟ್ಟೆಗೆ ಹಳದಿ ಪಟ್ಟೆ ಹಾಕಿದರೆ, "ಕಲಿಯೋ ಮಕ್ಕಳಿಗೆ ಅದು," ಎಂದು ಮೂಗು ಮುರಿಯುತ್ತಿದ್ದ.

ಆದರೆ ವಿಮಾನ ಬಲಕ್ಕೆ ಹೊರಳಿದ ಮೇಲೂ ಅವನ ಮುಖ ಎಡಕ್ಕೇ ಇರುವುದನ್ನು ವರ್ನಾ ಗಮನಿಸಿದ್ದಳು. ಕಣ್ಣು ಮಂದವಾದವರು ರಿಮೋಟ್ ಕೆಳಗಿಡಬೇಕು, ಇದರಲ್ಲಿ ರಸ್ಟಿ ಯಾರ ಮುಖವನ್ನೂ ನೋಡುವವನಲ್ಲ. ಹಾರಿಸುವುದೊಂದು ತಪ್ಪಿಹೋದರೆ ವೆಂಡೆಲ್‌ಗೆ ಬುದ್ಧಿ ಹೇಳಲು ಮನೆಯ ಬೆಕ್ಕು ಮಾತ್ರ ಉಳಿಯುತ್ತಿತ್ತು. ವರ್ನಾ ಬಾಯಿ ಬಿಡಲಿಲ್ಲ.

ಹಿಮಕ್ಕೆ ಮುಂಚಿನ ಕೊನೆಯ ಹಾರಾಟದ ದಿನ. ಸಂಜೆ ಬಿಸಿಲಿನಲ್ಲಿ ವೆಂಡೆಲ್ ವಿಮಾನವನ್ನು ಸುರುಳಿ ಸುರುಳಿಯಾಗಿ ಹೊರಳಿಸುತ್ತ ಕೆಳಗಿಳಿಸತೊಡಗಿದ. ಹೊರಳುವುದು ನಿಂತಾಗ ಅವನ ಹೆಬ್ಬೆರಳುಗಳೂ ನಿಂತವು.

"ವರ್ನಾ," ಎಂದ ಪಿಸುದನಿಯಲ್ಲಿ. "ಮೇಲಿರೋದು ಹೊಟ್ಟೇನಾ, ಬೆನ್ನಾ?"

"ಹೊಟ್ಟೆ. ನೆಲ ಹತ್ರ ಬಂತು. ತಳ್ಳಿ."

ಆತ ತಳ್ಳಿದ. ವಿಮಾನ ಹುಲ್ಲು ಸವರಿಕೊಂಡು ತಲೆಕೆಳಗಾಗಿಯೇ ಮೇಲೆದ್ದಿತು. ಬೆಂಚಿನವರೆಲ್ಲ ಚಪ್ಪಾಳೆ ತಟ್ಟಿದರು.

"ಏನ್ ಸಾಹೇಬ್ರೇ, ಹುಲ್ಲು ಕೊಯ್ಯೋಕೆ ಹೊರಟಿದ್ರಾ?" ಎಂದ ರಸ್ಟಿ.

"ಎಲ್ಲಾ ಲೆಕ್ಕ ಹಾಕೇ ಇಳಿಸಿದ್ದು," ಎಂದ ವೆಂಡೆಲ್. ಆಮೇಲೆ ಆ ಲೆಕ್ಕವನ್ನು, ಕಾಫಿ ಆರಿಹೋಗುವ ತನಕ, ಒಬ್ಬೊಬ್ಬರಿಗೂ ವಿವರಿಸಿದ. ವರ್ನಾಳೂ ತಲೆಯಾಡಿಸುತ್ತ ಕೇಳಿದಳು.

ಎಲ್ಲರೂ ಹೊರಟ ಮೇಲೆ ಆತ ವಿಮಾನವನ್ನು ತನ್ನ ಗಾಡಿಯ ಹಿಂಭಾಗದಲ್ಲಿ ಹೊಟ್ಟೆ ಮೇಲಾಗುವಂತೆ ಮಲಗಿಸಿದ. ಸ್ವಲ್ಪ ಹೊತ್ತು ಅದನ್ನು ಸವರುತ್ತ ನಿಂತ. ಆ ಚಳಿಗಾಲವನ್ನು ಆತ ದಾಟಲಿಲ್ಲ. ಆಕೆಯನ್ನು ಕೊನೆಯದಾಗಿ ಕೇಳಿದ್ದು ಅಂದು, ಅವಳ ಮುಖ ನೋಡದೆ:

"ಹೊಟ್ಟೆಗೆ ಯಾವ ಬಣ್ಣ ಬಳೀಲಿ, ನಿಮಗೆ ಚೆನ್ನಾಗಿ ಕಾಣೋ ಹಾಗೆ?"