ಹನುಮಪ್ಪನ ಎದೆಯ ದೀಪ

ನಾನು ಹಾನಗಲ್ಲಿನ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮಾಸ್ತರ. ಒಂಬತ್ತನೇ ತರಗತಿಗೆ ವಾಯುಮಾಲಿನ್ಯದ ಪಾಠ ಮಾಡುತ್ತಲೇ, ನನ್ನ ಡೀಸೆಲ್ ಕಾರಿನ ಹೊಗೆಯ ದಾರಿಗೆ ತಗಡು ಹೊಡೆದವನು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂಬ ಗಾದೆ ನನ್ನಂಥವನನ್ನು ನೋಡಿಯೇ ಹುಟ್ಟಿರಬೇಕು.

ಎಂಜಿನ್ ಬಿಟ್ಟ ಹೊಗೆಯಲ್ಲಿ ಒಂದಿಷ್ಟನ್ನು ಮತ್ತೆ ಎಂಜಿನ್ನಿಗೇ ಕಳಿಸುವ ವಾಲ್ವ್ ಒಂದಿರುತ್ತದೆ, ಇಜಿಆರ್ ಎನ್ನುತ್ತಾರೆ. ಗಾಳಿಗೆ ಸೇರುವ ವಿಷ ಕಡಿಮೆಯಾಗಲಿ ಎಂದು ಇಟ್ಟದ್ದು. ನನ್ನ ಕಾರಿನಲ್ಲಿ ಅದಕ್ಕೆ ಮಸಿ ಕಟ್ಟಿ, ಏರು ಬಂದರೆ ಗಾಡಿ ಏದುಸಿರು ಬಿಡುತ್ತಿತ್ತು. ಅದರ ದಾರಿಯನ್ನೇ ಮುಚ್ಚುವ ಬ್ಲ್ಯಾಂಕಿಂಗ್ ಕಿಟ್ ತರಿಸಿದೆ. ಎರಡು ಉಕ್ಕಿನ ತಗಡು, ಗ್ಯಾಸ್ಕೆಟ್, ನಾಲ್ಕು ಬೋಲ್ಟು, ಅಷ್ಟೇ. ಪರಿಚಯದ ಮೆಕ್ಯಾನಿಕ್ ಅದನ್ನು ಹೊರಳಿಸಿ ನೋಡಿ, "ಬ್ಯಾಡ್ರಿ ಮಾಸ್ತರ. ವಾಲ್ವ್ ಬಿಚ್ಚಿ ತೊಳದ್ರ ಮುಗೀತು. ಇದನ್ನ ಹಾಕಿದ್ರ ಎಂಜಿನ್ ಲೈಟ್ ಹತ್ತಿದ್ದು ಆರೂದಿಲ್ಲ" ಎಂದ. ಒಬ್ಬರ ಮಾತು ಕೇಳುವ ಜಾಯಮಾನ ನನ್ನದಲ್ಲ. ಭಾನುವಾರ ಅಂಗಳದಲ್ಲಿ ನಾನೇ ಕೂರಿಸಿದೆ. ಗಾಡಿ ಜಿಗಿಯಿತು. ಮೂರನೆಯ ದಿನ, ಅವನೆಂದಂತೆಯೇ, ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ನಿನ ಹಳದಿ ದೀಪವೂ ಹತ್ತಿತು.

ಅಷ್ಟರಲ್ಲಿ ದುಂಡಸಿಯ ಅಕ್ಕ ಕಾರು ಕೇಳಿದಳು. ಅವಳು ಓಣಿಯ ನಾಲ್ಕು ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಖಡಕ್ ರೊಟ್ಟಿ ಬಡಿದು ಶಿಗ್ಗಾಂವಿ, ಸವಣೂರಿನ ಖಾನಾವಳಿಗಳಿಗೆ ಹಾಕುತ್ತಾಳೆ. ಐವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತ ಗಟ್ಟಿಗಿತ್ತಿ. "ಬಸ್ಸಿನ್ಯಾಗ ರೊಟ್ಟಿ ಪುಡಿ ಆಗ್ತಾವೋ ತಮ್ಮಾ" ಅಂದಳು. ನಾನು ಹೇಗೂ ಬೇರೆ ಗಾಡಿ ನೋಡುತ್ತಿದ್ದೆ, ಕೊಟ್ಟುಬಿಟ್ಟೆ. ಕೊಡುವ ಮುಂಚೆ ತಗಡು ತೆಗೆಯಬೇಕಿತ್ತು. ಸೋಮಾರಿತನ, ಜೊತೆಗೆ ಮೆಕ್ಯಾನಿಕ್ಕನ ಮುಂದೆ ಸೋತಂತಾಗುವ ನಾಚಿಕೆ. ದೀಪದ ಮೇಲೆ ಹನುಮಪ್ಪನ ಸ್ಟಿಕರ್ ಅಂಟಿಸಿದೆ. ಸ್ಟಿಕರ್ ತುಸು ದೊಡ್ಡದು, ಪಕ್ಕದ ಇನ್ನೊಂದು ದೀಪವೂ ಅದರಡಿ ಹೋಯಿತು.

ವಾರದೊಳಗೆ ಅಕ್ಕನ ಫೋನು. "ತಮ್ಮಾ, ಗಾಡಿ ಚಾಲೂ ಮಾಡಿದ ಕೂಡ್ಲೇ ಹನುಮಪ್ಪನ ಎದಿಯೊಳಗ ಬೆಳಕು ಬರಾಕತ್ತೈತೋ!" ದಿನಾ ಊದಿನಕಡ್ಡಿ ಬೆಳಗಿ, ಕೈ ಮುಗಿದೇ ಗೇರ್ ಹಾಕುತ್ತಿದ್ದಳಂತೆ. ರೊಟ್ಟಿ ಬಡಿಯುವವರೂ ಬಂದು ನೋಡಿಕೊಂಡು ಹೋದರಂತೆ. ನಾನು ನಕ್ಕೆ. ಆ ನಗು ನೆನೆದರೆ ಈಗ ನನ್ನ ಮೇಲೇ ಹೇಸಿಗೆಯಾಗುತ್ತದೆ.

ಕೆಲವು ತಿಂಗಳ ಮೇಲೆ ಮತ್ತೆ ಫೋನು ಬಂತು. "ನಾಕ ದಿನದಿಂದ ಹನುಮಪ್ಪ ಮಿಣಮಿಣ ಅನ್ನಾಕತ್ತಾನ. ಏನರ ಹೇಳಾಕತ್ತಾನೇನೋ?"

ಎಂಜಿನ್ ದೀಪವಾದರೆ ಹತ್ತಿದಾಗಿನಿಂದ ಒಂದೇ ಸಮ ಉರಿಯುತ್ತಿತ್ತು. ಮಿಣುಕುತ್ತಿದ್ದುದು ನನ್ನ ಹಳದಿ ದೀಪವಲ್ಲ, ಅದರ ಪಕ್ಕದ್ದು. ಡೀಸೆಲ್ಲಿಗೆ ನೀರು ಸೇರಿದರೆ ಎಚ್ಚರಿಸುವ ದೀಪ. ಅದನ್ನು ಹೇಳಿದರೆ ಸ್ಟಿಕರಿನ ಕತೆಯನ್ನೂ ಹೇಳಬೇಕಾಗುತ್ತಿತ್ತು. "ಛಲೋನ ಆತ ಬಿಡಕ್ಕಾ" ಅಂದೆ. ಭಾನುವಾರ ಹೋಗಿ ಸದ್ದಿಲ್ಲದೆ ಸರಿಮಾಡಿಸಿದರಾಯಿತು ಎಂದುಕೊಂಡೆ.

ಶುಕ್ರವಾರವೇ ಗಾಡಿ ನಡುದಾರಿಯಲ್ಲಿ ನಿಂತಿತು. ಹಿರೇಕೆರೂರಿನ ಮದುವೆಯೊಂದಕ್ಕೆ ರೊಟ್ಟಿ ಒಯ್ಯುತ್ತಿದ್ದಳು, ಅವಳಿಗೆ ಸಿಕ್ಕ ಮೊದಲ ದೊಡ್ಡ ಕೆಲಸ. ಮೆಕ್ಯಾನಿಕ್ಕನನ್ನು ಬೈಕಿನಲ್ಲಿ ಕೂರಿಸಿಕೊಂಡು ನಾನು ಹೋದಾಗ ಗೋವಿನಜೋಳದ ಹೊಲದ ಬದುವಿನಲ್ಲಿ ಕುಳಿತಿದ್ದಳು. ಮುಖ ಬಾಡಿತ್ತು.

"ನಂದ ತಪ್ಪೋ ತಮ್ಮಾ. ಇವತ್ತ ಗಡಿಬಿಡಿಯೊಳಗ ಕೈ ಮುಗಿಯೂದ ಮರತೆ. ಅದಕ್ಕ ಸಿಟ್ಟಾಗ್ಯಾನ."

ಅದನ್ನು ಕೇಳಿಸಿಕೊಂಡು ಸುಮ್ಮನಿರಲು ನನ್ನಿಂದಾಗಲಿಲ್ಲ. ಕೀ ತಿರುವಿ, ಉಗುರಿನಿಂದ ಸ್ಟಿಕರ್ ಕೀಳತೊಡಗಿದೆ. "ಹೇ, ದೇವ್ರನ್ನ ಯಾಕ ಕೀಳ್ತಿ?" ಎಂದು ಕೈ ಹಿಡಿಯಲು ಬಂದಳು. ಕೆಳಗೆ ಎರಡು ದೀಪ. ಒಂದು ಸ್ಥಿರವಾಗಿ ಉರಿಯುತ್ತಿತ್ತು, ಇನ್ನೊಂದು ಮಿಣುಕುತ್ತಿತ್ತು. ತಗಡಿನಿಂದ ಹಿಡಿದು ಫೋನಿನಲ್ಲಿ ಬಾಯಿ ಮುಚ್ಚಿಕೊಂಡದ್ದರವರೆಗೆ ಎಲ್ಲ ಹೇಳಿದೆ. ಮೆಕ್ಯಾನಿಕ್ ಬಾನೆಟ್ಟಿನೊಳಗೆ ತಲೆ ಹಾಕಿಕೊಂಡೇ ಇದ್ದ.

ಅಕ್ಕ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆ. "ಫೋನಿನ್ಯಾಗ ನಾ ಕೇಳಿದ್ನೆಲ್ಲೋ" ಅಂದಳು, ಅಷ್ಟೇ. ಹಾನಗಲ್ ಕಡೆಯಿಂದ ಬರುತ್ತಿದ್ದ ಟಂಟಂ ಆಟೊಗೆ ಕೈ ಮಾಡಿ ನಿಲ್ಲಿಸಿ, ರೊಟ್ಟಿಯ ಗಂಟುಗಳನ್ನು ಕಾರಿನಿಂದ ಇಳಿಸತೊಡಗಿದಳು. ನಾನು ಒಂದು ಗಂಟಿಗೆ ಕೈ ಚಾಚಿದೆ.

"ನೀ ಬಿಡು" ಎಂದು ಮೆಕ್ಯಾನಿಕ್ಕನ ಕಡೆ ತಿರುಗಿದಳು. "ಇದನ್ನಷ್ಟ ಹಿಡಿಯಪಾ."

ಅವನ ಕೈಯೆಲ್ಲ ಮಸಿಯಾಗಿತ್ತು. ಆದರೂ ಗಂಟನ್ನು ಅವನಿಗೇ ಕೊಟ್ಟಳು.